ಬೋಹುಮೀರ್ ಒತ್ತಿದ ಕರೆಗಂಟೆ

ನಮ್ಮ ಬೋಹುಮೀರ್ ಸೈಕಲ್ಲಿಗೆ ಮೂರು ಬೀಗ ಜಡಿಯುವ ಮನುಷ್ಯ. ಬ್ರ್ನೋ ನಗರದ ನಮ್ಮ ಆಫೀಸಿನಲ್ಲಿ ಅವನ ಕಾಫಿ ಕಪ್ಪಿಗೂ ಬೀಗವಿದೆ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ ಕರ್ನಲ್; ಅದರೊಳಗೆ ಫೋಲ್ಡರಿನಿಂದ ಫೋಲ್ಡರಿಗೆ ಇಳಿಯುತ್ತ ಫೈಲು ಹುಡುಕುವ ಭಾಗಕ್ಕೆ ಅವನೇ ಯಜಮಾನ. ಅಲ್ಲಿಯೂ ಹೆಜ್ಜೆಗೊಂದು ಬೀಗ, ಒಮ್ಮೆಗೆ ಒಬ್ಬರಿಗಷ್ಟೇ ಪ್ರವೇಶ. ದೊಡ್ಡ ಯಂತ್ರಗಳಲ್ಲಿ ಪ್ರೊಸೆಸರ್‌ಗಳೆಲ್ಲ ಮೊದಲ ಫೋಲ್ಡರಿನ ಬಾಗಿಲಲ್ಲೇ ಸಾಲು ನಿಂತು ತೂಕಡಿಸುತ್ತಿದ್ದವು.

ನಮ್ಮ ಜೊತೆ ಕೆಲಸ ಮಾಡುವ ಲಿಬುಶೆ ಇಡೀ ಚಳಿಗಾಲ ಕೂತು ಬೀಗವಿಲ್ಲದ ದಾರಿಗೆ ಕೋಡ್ ಬರೆದಳು. ಪ್ರತಿ ಫೋಲ್ಡರಿಗೂ ಒಂದು ಸಂಖ್ಯೆ; ಹೆಸರು ಬದಲಿಸುವವರು ಅದನ್ನೂ ಬದಲಿಸಬೇಕು. ಹುಡುಕುವವನು ಸಂಖ್ಯೆ ನೋಡಿಕೊಂಡು ಓದುತ್ತಾನೆ, ಮುಂದಡಿ ಇಡುವ ಮುನ್ನ ಮತ್ತೆ ನೋಡುತ್ತಾನೆ. ಬದಲಾಗಿದ್ದರೆ ಓದಿದ್ದನ್ನು ಬಿಸಾಕಿ ಮೊದಲಿನಿಂದ ಬರುತ್ತಾನೆ. ಬೋಹುಮೀರ್ ಒಪ್ಪದಿದ್ದರೆ ಇದೆಲ್ಲ ನೀರಿನಲ್ಲಿ ಹೋಮ.

“ನೋಡ್ತಾ ನೋಡ್ತಾನೇ ಹೆಸರು ಬದಲಾದ್ರೆ? ಯಾರ್ದೋ ಮನೆಗೆ ನುಗ್ತಾನೆ ಕಣೇ,” ಎಂದ ಬೋಹುಮೀರ್.

“ನುಗ್ಗೋ ಮುಂಚೆ ಇನ್ನೊಂದ್ಸಲ ನೋಡ್ತಾನಲ್ಲಪ್ಪ!”

“ಜನ ಎಲ್ಲಿ ನೋಡ್ತಾರೆ?”

ಆ ‘ಎಲ್ಲಿ ನೋಡ್ತಾರೆ’ ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು.

ಲಿಬುಶೆಯ ನಾಮದಿನಕ್ಕೆ, ಅಂದರೆ ಕ್ಯಾಲೆಂಡರಿನಲ್ಲಿ ಅವಳ ಹೆಸರಿಗೆ ಮೀಸಲಾದ ದಿನಕ್ಕೆ, ಎಲ್ಲರಿಗೂ ಅವಳ ಮನೆಯಲ್ಲಿ ಊಟ. ನಮ್ಮಲ್ಲಿ ಫ್ಲ್ಯಾಟಿನ ಬಾಗಿಲ ಮೇಲೆ ಮನೆತನದ ಹೆಸರಿರುತ್ತದೆ, ಅದನ್ನು ಓದಿಯೇ ಮನೆ ಹುಡುಕಬೇಕು. ಬೋಹುಮೀರ್ ನನ್ನನ್ನು ಎಳೆದುಕೊಂಡು ಎಲ್ಲರಿಗಿಂತ ಮೊದಲೇ ಹೋದ. ಮೆಟ್ಟಿಲು ಹತ್ತಿದವನೇ ಸ್ಕ್ರೂಡ್ರೈವರ್ ತೆಗೆದು, ಲಿಬುಶೆಯ ‘ಕುಬಾತೋವಾ’ ಫಲಕವನ್ನೂ ಎದುರುಮನೆಯ ‘ವಾವ್ರೋವಾ’ ಫಲಕವನ್ನೂ ಅದಲುಬದಲು ಮಾಡಿದ.

“ಎಷ್ಟ್ ಜನ ತಪ್ಪು ಬಾಗಿಲು ತಟ್ತಾರೆ, ಎಣಿಸ್ತಿರು,” ಎಂದು ಸಿಗರೇಟು ಸೇದಲು ಕೆಳಗಿಳಿದ.

ಸದ್ದು ಕೇಳಿ ವಾವ್ರೋವಾ ಅಜ್ಜಿ ಹೊರಬಂದರು. “ಯಾವ ಕತ್ತೆ ಮಾಡಿದ್ದು ಇದು?”

“ಕೆಳಗೆ ಸಿಗರೇಟ್ ಸೇದ್ತಿದೆ, ಅಜ್ಜಿ.”

ಅಜ್ಜಿ ಅಡುಗೆಮನೆಯ ಚಾಕು ತಂದು ಎರಡು ಫಲಕಗಳನ್ನೂ ಮೊದಲಿನಂತೆ ಕೂರಿಸಿ ಒಳಗೆ ಹೋದರು. ನಾನು ತುಟಿ ಹೊಲಿದುಕೊಂಡೆ.

ಬೋಹುಮೀರ್ ಈ ಸಲ ಲಿಫ್ಟಿನಲ್ಲಿ ಬಂದ. ಲಿಫ್ಟು ತೆರೆಯುವುದು ಮೆಟ್ಟಿಲಿನ ಎದುರು ದಿಕ್ಕಿಗೆ, ಹಾಗಾಗಿ ಎಡ ಯಾವುದು ಬಲ ಯಾವುದು ಎಂಬುದು ಅವನಿಗೆ ಉಲ್ಟಾ ಆಗಿತ್ತು. ‘ವಾವ್ರೋವಾ’ ಎಂದು ಓದಿ ನನಗೆ ಕಣ್ಣು ಹೊಡೆದ. “ನಾನೇ ಬದಲಿಸಿದ್ದಲ್ವಾ? ಒಳಗಿರೋದು ಲಿಬುಶೆ.” ಗಂಟೆ ಒತ್ತಿ, ಬಾಗಿಲು ತೆರೆದದ್ದೇ ತಡ, “ಶುಭಾಶಯ, ಚಿನ್ನಾ!” ಎಂದು ಹೂಗುಚ್ಛ ಚಾಚಿದ.

ಅಜ್ಜಿ ಹೂವನ್ನು ಎದೆಗವಚಿಕೊಂಡರು. “ನಮ್ಮನೆಯೋರು ಹೋದ್ಮೇಲೆ ಹೂ ತಂದೋನು ನೀನೇ ಕಣಪ್ಪ. ಶೂ ಬಿಚ್ಚು, ಮನೆಯೊಳಗೆ ಹಾಕ್ಕೊಳ್ಳೋಕೆ ಅವರ ಚಪ್ಪಲಿ ಕೊಡ್ತೀನಿ.” ಬೋಹುಮೀರ್ ಹಾಕಿಕೊಳ್ಳಲೇಬೇಕಾಯಿತು.

ಎದುರು ಬಾಗಿಲಲ್ಲಿ ಲಿಬುಶೆ ನಿಂತಿದ್ದಳು. ನಾನು ಎಲ್ಲ ಬಾಯಿಬಿಟ್ಟೆ.

“ಗಂಟೆ ಒತ್ತೋ ಮುಂಚೆ ಏನಾದ್ರೂ ಬದಲಾಗಿದ್ಯಾ ಅಂತ ಇನ್ನೊಂದ್ಸಲ ವಿಚಾರಿಸಿದ್ಯಾ, ಬೋಹುಮೀರ್?” ಎಂದಳು.

“ನಾನೇ ಬದಲಿಸಿದ್ದೆ ಅಂತ...”

“ಆಮೇಲೆ ಬದಲಾಗಿದೆ. ಕೆಳಗಿಳಿದು ಮೊದಲಿಂದ ಬಾ.”

ಅವನು ನಿಜಕ್ಕೂ ಇಳಿದ, ಸತ್ತವರ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ. ಮತ್ತೆ ಹತ್ತಿ ಬಂದು ಲಿಬುಶೆಯ ಫಲಕ ಓದಿದ, ಬೆರಳನ್ನು ಗಂಟೆಯ ಹತ್ತಿರ ಒಯ್ದ, ನಿಂತ, ಇನ್ನೊಮ್ಮೆ ಓದಿದ.

“ಸೋಮವಾರ ಕರ್ನಲ್‌ಗೆ ಸೇರಿಸ್ತೀನಿ ನಿನ್ನ ಕೋಡ್‌ನ,” ಎಂದ ತಲೆ ತಗ್ಗಿಸಿ. ಲಿಬುಶೆ ಅಲ್ಲೇ ಕುಣಿದಳು. ಹೂವನ್ನು ಮಾತ್ರ ಅಜ್ಜಿ ವಾಪಸ್ ಕೊಡಲಿಲ್ಲ.