ಒಲೆ ಎಂದು ಬರೆದ ಪುಟಗಳು

ಪ್ರತಿ ತಿಂಗಳ ಮೊದಲ ವಾರ ಜಿಯಾವುಲ್ಲಾ ಸಾಹೇಬರು ನನ್ನ ಅಂಗಡಿಗೆ ಬಂದು, ಜೆರಾಕ್ಸ್ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ತಮ್ಮ ಸಮಾಚಾರ ಹೇಳುತ್ತಾರೆ. ನಾನು ಅದನ್ನು ಟೈಪ್ ಮಾಡಿ ಅವರ ಓದುಗರ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆ. ಅದರಲ್ಲಿ ಎರಡೇ ಭಾಗ: ‘ಬರೆದದ್ದು’ ಮತ್ತು ‘ನೋಡಿದ್ದು’. ಬರೆದದ್ದರಲ್ಲಿ ಕಾದಂಬರಿ ಎಲ್ಲಿಗೆ ಬಂತು, ಯಾವ ಕಥೆ ಯಾವ ಪತ್ರಿಕೆಯಿಂದ ವಾಪಸ್ ಬಂತು ಎಂಬ ವಿಷಯ. ನೋಡಿದ್ದರಲ್ಲಿ ಆ ತಿಂಗಳ ಸಿನಿಮಾ, ನಾಟಕ, ಏನೂ ಇಲ್ಲದಿದ್ದರೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ. ಗುಂಪಿನಲ್ಲಿರುವ ಬಹಳ ಜನ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಆದರೂ ಈ ಮನುಷ್ಯ ಒಂದು ತಿಂಗಳೂ ತಪ್ಪಿಸಿದವರಲ್ಲ.

ಆರ್.ಟಿ. ನಗರದಲ್ಲಿ ಸಾಹಿತಿಯ ಮನೆ ಯಾವುದು ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಸೀಟ್ ಸಾಹೇಬರ ಮನೆ ಎಂದರೆ ತೋರಿಸುತ್ತಾರೆ. ಆಟೋಗಳಿಗೆ ಸೀಟು ಹೊಲಿಯುವುದು ಅವರ ಕಸುಬು. ನನ್ನ ಅಂಗಡಿಯ ಪಕ್ಕದ ಅಂಗಡಿ ಅವರದು, ಮೇಲಿನ ಮಹಡಿಯಲ್ಲಿ ಅವರ ಮನೆ. ಈಗ ಅಂಗಡಿಯನ್ನು ಅಣ್ಣನ ಮಗ ಅಜ್ಜು ನೋಡಿಕೊಳ್ಳುತ್ತಾನೆ. ರೆಕ್ಸಿನ್ನಿಗೆ ಸೂಜಿ ಚುಚ್ಚಿ ಚುಚ್ಚಿ ಸಾಹೇಬರ ಬಲಗೈ ಹೆಬ್ಬೆರಳು ಊದಿಕೊಂಡು ಕೂತಿದೆ. ಪೆನ್ನು ಹಿಡಿದರೆ ನೋವು. ಅವರದು ಎರಡು ಕಥಾಸಂಕಲನ ಬಂದಿವೆ, ಎರಡನ್ನೂ ಟೈಪ್ ಮಾಡಿದವಳು ನಾನೇ. ಈ ಕಾದಂಬರಿ ಶುರು ಮಾಡಿದಾಗ ಹೇಳಿದ್ದರು, ವನಿತಮ್ಮ, ಇದೇ ಕೊನೇದು, ಇದಾದ ಮೇಲೆ ಬೆರಳು ಮಾತು ಕೇಳೋದಿಲ್ಲ ಎಂದು. ಯಶವಂತಪುರದ ಒಬ್ಬ ಪ್ರಕಾಶಕರು ರಾಜ್ಯೋತ್ಸವದ ಹೊತ್ತಿಗೆ ಕೊಟ್ಟರೆ ಅಚ್ಚು ಹಾಕುತ್ತೇನೆಂದು ಒಪ್ಪಿದ್ದರು. ಹಾಗಾಗಿ ಅದು ಮುಗಿಯಲೇಬೇಕಿತ್ತು.

ಅವರು ಬರೆಯುವ ಕ್ರಮವೇ ಬೇರೆ. ಹೆಂಡತಿ ಮೆಹಬೂಬ್ ಬೀಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಾಹೇಬರು ಬೆಳಿಗ್ಗೆ ಕನ್ನಡದಲ್ಲಿ ಬರೆದದ್ದನ್ನು, ಮಧ್ಯಾಹ್ನ ಒಲೆಯ ಮೇಲೆ ಸಾರು ಕುದಿಯುವ ಹೊತ್ತಿಗೆ, ತಮ್ಮ ಮನೆಮಾತಾದ ದಖ್ಖನಿಗೆ ತಿರುಗಿಸುತ್ತಾ ಹೆಂಡತಿಗೆ ಓದಿ ಹೇಳುತ್ತಾರೆ. ಮೆಹಬೂಬಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಕೇಳುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಬೇಜಾರಾದರೆ ಒಲೆ ನೋಡಿಕೊಂಡು ಬರುತ್ತೇನೆ ಎಂದು ಎದ್ದು ಹೋಗುತ್ತಾರೆ, ಅಷ್ಟೆ. ಅವರು ಎದ್ದ ಕೂಡಲೇ ಸಾಹೇಬರು ಆ ಪುಟಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ಒಲೆ’ ಎಂದು ಬರೆಯುತ್ತಾರೆ. ಮೊದಮೊದಲು ನನಗೆ ಇದು ತಿಳಿಯದೆ ಒಲೆ ಎಂಬ ಪದವನ್ನೂ ಸೇರಿಸಿ ಟೈಪ್ ಮಾಡಿದ್ದೆ. ಆಗ ನಕ್ಕು ಗುಟ್ಟು ಹೇಳಿದರು. ಹೆಂಡತಿಗೆ ಮಾತ್ರ ಹೇಳಿಲ್ಲವಂತೆ. ಹೇಳಿದರೆ ಗಂಡನಿಗೆ ಬೇಜಾರಾದೀತೆಂದು ಕೂತೇ ಇರುತ್ತಾಳೆ, ಆಮೇಲೆ ನನ್ನ ಬರವಣಿಗೆ ಕೆಟ್ಟುಹೋಗುತ್ತೆ ಎಂದರು. ಅಕ್ಕ ಕೂತು ಕೇಳಿ ಉಳಿದದ್ದು ನನಗೂ ಹಿಡಿಸುತ್ತಿತ್ತು, ಹೊಡೆದದ್ದು ನಿಜಕ್ಕೂ ಸಪ್ಪೆಯಾಗಿರುತ್ತಿತ್ತು. ಆ ಒಲೆಗೆ ನಾನೂ ಮರ್ಯಾದೆ ಕೊಡಲು ಕಲಿತೆ.

ಈ ಸಲದ ರಂಜಾನ್ ಹಬ್ಬಕ್ಕೆ ಬ್ಯಾಟರಾಯನಪುರದಿಂದ ಮಗಳು ಗಜಾಲಾ ಬಂದು ಅಮ್ಮನಿಗೆ ಒಂದು ದೊಡ್ಡ ಫೋನು, ಕಿವಿಗೆ ಹಾಕುವ ವೈರು ಕೊಟ್ಟು ಹೋದಳು. ಅಲ್ಲಿಂದ ಶುರುವಾಯಿತು ಗ್ರಹಚಾರ. ಮೆಹಬೂಬಕ್ಕ ಉರ್ದು ಸೀರಿಯಲ್ಲು ಹಿಡಿದರು. ಸೊಸೆಯನ್ನು ಮಾವ ಬೀದಿಗೆ ಹಾಕುತ್ತಾನೆ, ಅವಳು ಹೊಲಿಗೆ ಅಂಗಡಿ ಇಟ್ಟು ಬದುಕುತ್ತಾಳೆ, ಅಂಥದ್ದೇನೋ. ಮಧ್ಯಾಹ್ನ ಸಾಹೇಬರು ಹಾಳೆ ಹಿಡಿದು ಓದುತ್ತಿದ್ದರೆ, ಅಕ್ಕ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನೋಡುತ್ತಾ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಒಂದು ಕಿವಿಯಲ್ಲಿ ವೈರು, ಇನ್ನೊಂದು ಕಿವಿಯದು ಎದೆಯ ಮೇಲೆ ಜೋತಾಡುತ್ತಿತ್ತು. ಸರಿಯಾಗಿ ಹಾಕಿಕೊಳ್ಳಲೂ ಬರದು ಪಾಪ ಎಂದುಕೊಂಡೆ.

ಮೊದಲ ವಾರ ಸಾಹೇಬರಿಗೆ ಖುಷಿಯೋ ಖುಷಿ. ಒಂದು ಪುಟಕ್ಕೂ ಒಲೆ ಬೀಳಲಿಲ್ಲ ವನಿತಮ್ಮ ಎಂದರು. ಎರಡನೇ ವಾರ ಮುಖ ಸಣ್ಣದಾಯಿತು. ಹೆಂಡತಿ ಯಾವುದಕ್ಕೂ ಏಳುತ್ತಿಲ್ಲ ಎಂದರೆ ಎಲ್ಲವೂ ಚೆನ್ನಾಗಿದೆಯೋ, ಯಾವುದೂ ಕಿವಿಗೆ ಬೀಳುತ್ತಿಲ್ಲವೋ? ಹೀಗೇ ಅನುಮಾನದಲ್ಲಿ ದಿನ ತಳ್ಳಿ, ಬಕ್ರೀದ್ ಹೊತ್ತಿಗೆ ಒಂದು ಪರೀಕ್ಷೆ ಇಟ್ಟರು. ಹಿಂದಿನ ದಿನ ಓದಿದ ಪುಟವನ್ನೇ ಮಾರನೇ ದಿನವೂ ಹೊಸದೆಂಬಂತೆ ಮತ್ತೆ ಓದಿದರು. ಮೆಹಬೂಬಕ್ಕ ಕತ್ತೆತ್ತಿ ಒಂದು ಸಲ ಗಂಡನ ಮುಖ ನೋಡಿ, ತುಟಿ ಪಿಟಕ್ಕೆನ್ನದೆ ಫೋನಿಗೆ ತಿರುಗಿದರಂತೆ. ಸಾಹೇಬರು ಹಾಳೆಗಳನ್ನು ಮಡಚಿ ಬೀರುವಿನಲ್ಲಿಟ್ಟು ಕೆಳಗಿಳಿದು ಬಂದು, ಅವಳು ಕೇಳ್ತಾನೇ ಇಲ್ಲ ಎಂದರು. ಅಷ್ಟೇ ಹೇಳಿದ್ದು. 

ಆ ಪುಟ ಯಾವುದೆಂದರೆ, ಕಾದಂಬರಿಯ ಪುಟ್ಟತಾಯಮ್ಮ ಹೆಬ್ಬಾಳದಲ್ಲಿ ಬಸ್ಸಿಳಿಯುವುದು. ಅಬ್ಬಿಗೆರೆಯ ಅಣ್ಣನ ಮನೆಯಲ್ಲಿ ಜಗಳವಾಡಿ, ತಾಯಿಯ ಹಿತ್ತಾಳೆ ಕೊಳಗವನ್ನು ಕಂಕುಳಲ್ಲಿಟ್ಟುಕೊಂಡು ಹೊರಟು ಬಂದಿರುತ್ತಾಳೆ. ಯಲಹಂಕದ ಮಗಳ ಮನೆಗೆ ಹೋಗುವುದೋ, ಅಣ್ಣನ ಮನೆಗೆ ವಾಪಸ್ ಹೋಗುವುದೋ ತಿಳಿಯದೆ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಬರವಣಿಗೆ ನಿಂತಿತು. ನಾನು ಅಷ್ಟೂ ಅಧ್ಯಾಯ ಟೈಪ್ ಮಾಡಿದವಳು. ಅವಳೇನು ಮಾಡಿದಳು ಎಂದು ತಿಳಿಯದೆ ನನಗೆ ಕೈ ಓಡುತ್ತಿರಲಿಲ್ಲ.

ಹೆಂಡತಿ ಕೇಳದಿದ್ದರೇನಂತೆ, ನನಗೆ ಓದಿ ಹೇಳಿ ಎಂದೆ. ಒಪ್ಪಿಕೊಂಡು, ರಂಜಾನ್ ನಂತರ ಬರೆದ ಪುಟಗಳನ್ನೇ ತಂದು ಮೂರು ದಿನ ಸ್ಟೂಲಿನ ಮೇಲೆ ಕೂತು ಓದಿದರು. ನಾನು ಬಿಲ್ಲಿಂಗ್ ಮಾಡುತ್ತಾ, ಆಧಾರ್ ಜೆರಾಕ್ಸ್ ತೆಗೆಯುತ್ತಾ ಕೇಳಿದೆ. ಪ್ರತಿ ಸಲವೂ ಚೆನ್ನಾಗಿದೆ ಸಾಹೇಬ್ರೇ ಎಂದೆ. ನಾಲ್ಕನೇ ದಿನ ಅವರು ಹಾಳೆ ತರಲಿಲ್ಲ.

“ನೀವು ಎಲ್ಲದಕ್ಕೂ ಚೆನ್ನಾಗಿದೆ ಅಂತೀರಿ ವನಿತಮ್ಮ. ನಿಮ್ಮ ಹತ್ರ ಒಲೆ ಇಲ್ಲ.”

ಮೈಯೆಲ್ಲ ಉರಿದುಹೋಯಿತು. ಎರಡು ಪುಸ್ತಕ ತಿದ್ದಿ ಟೈಪ್ ಮಾಡಿಕೊಟ್ಟವಳಿಗೆ ಈ ಮಾತೇ ಎಂದು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಯೋಚಿಸಿದರೆ, ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಹೊಗಳುತ್ತಿದ್ದದ್ದು ಅವರು ನಿಲ್ಲಿಸದಿರಲಿ ಎಂದು.

ಸಾಹೇಬರು ಬೇರೆ ದಾರಿ ಹಿಡಿದರು. ನನ್ನ ಕಥೆಯಲ್ಲಿ ಇಲ್ಲದ್ದು ಆ ಸೀರಿಯಲ್ಲಿನಲ್ಲಿ ಏನಿದೆ ನೋಡೇಬಿಡೋಣ ಎಂದು ಹೆಂಡತಿಯ ಪಕ್ಕ ಹೋಗಿ ಕೂತರು. ಅಕ್ಕ ಜೋತಾಡುತ್ತಿದ್ದ ವೈರನ್ನು ಗಂಡನ ಕಿವಿಗೆ ಕೊಟ್ಟರು. ನಾನು ಒಂದು ಸಲ ಮೇಲೆ ಹೋದಾಗ ನೋಡಿದೆ, ಒಂದೇ ವೈರಿಗೆ ಗಂಡ ಹೆಂಡತಿ ಕಟ್ಟಿಹಾಕಿದ ಜೋಡೆತ್ತಿನ ಹಾಗೆ ತಲೆ ಹತ್ತಿರ ಮಾಡಿಕೊಂಡು ಕೂತಿದ್ದರು. ಸಾಹೇಬರ ಕಣ್ಣಲ್ಲಿ ನೀರು. ಆ ಮಾವ ಸೊಸೆಯ ಹೊಲಿಗೆ ಮೆಷಿನ್ ಒಡೆದುಹಾಕಿದ್ದನಂತೆ.

ಅಲ್ಲಿಂದ ಮುಂದೆ ತಿಂಗಳ ಸಮಾಚಾರದಲ್ಲಿ ‘ಬರೆದದ್ದು’ ಎಂಬಲ್ಲಿ ಒಂದು ಗೆರೆ, ‘ನೋಡಿದ್ದು’ ಎಂಬಲ್ಲಿ ಒಂದು ಪುಟ. ಮಾವನ ಪಾತ್ರದವನು ಬಾಗಿಲು ಹಾಕುವ ರೀತಿಯಲ್ಲೇ ಅವನ ಸ್ವಭಾವ ಹೇಗೆ ತಿಳಿಯುತ್ತದೆ, ಸೊಸೆ ಅಳದೆ ಇದ್ದಾಗ ನೋಡುವವರಿಗೆ ಯಾಕೆ ಅಳು ಬರುತ್ತದೆ, ಹೀಗೆ. ಗುಂಪಿನಲ್ಲಿ ಕೈಮುಗಿದು ಸುಮ್ಮನಾಗುತ್ತಿದ್ದವರೆಲ್ಲ ಈಗ ಎದ್ದು ಕೂತರು. ಎಲ್ಲಿ ಸಿಗುತ್ತೆ ಸಾರ್, ಲಿಂಕ್ ಹಾಕಿ ಸಾರ್. ಇಷ್ಟು ವರ್ಷ ಕಾದಂಬರಿ ಎಂದಾಗ ಯಾವನಿಗೂ ಇಲ್ಲದ ಉತ್ಸಾಹ. ಪುಟ್ಟತಾಯಮ್ಮನ ಬಗ್ಗೆ ಒಂದು ನರಪಿಳ್ಳೆಯೂ ಕೇಳಲಿಲ್ಲ. ನನಗೆ ಆ ಗುಂಪನ್ನೇ ಅಳಿಸಿಹಾಕುವಷ್ಟು ಸಿಟ್ಟು ಬಂತು.

ಅಕ್ಟೋಬರ್ ಬಂತು. ಪ್ರಕಾಶಕರು ಫೋನ್ ಮಾಡಿ, ಈ ತಿಂಗಳು ಕೊಡದಿದ್ದರೆ ಬಿಟ್ಟುಬಿಡೋಣ ಎಂದರಂತೆ. ಅವತ್ತು ಸಾಹೇಬರು ಕೆಳಗೆ ಬರಲಿಲ್ಲ. ಮೇಲೆ ಬಂದು ಸಮಾಚಾರ ಬರೆದುಕೊಂಡು ಹೋಗಿ ಎಂದು ಅಜ್ಜು ಕೈಲಿ ಹೇಳಿಕಳಿಸಿದರು. ಹೋದೆ. ಸೀರಿಯಲ್ಲಿನ ಕೊನೆಯ ಕಂತು ಆಗ ತಾನೇ ಮುಗಿದಿತ್ತು. ಮೆಹಬೂಬಕ್ಕ ವೈರು ಕಿತ್ತು ಚಾಪೆಯ ಮೇಲೆ ಎಸೆದು ಕೂತಿದ್ದರು. ಮಾವ ಕ್ಷಮೆ ಕೇಳಿದ್ದನಂತೆ, ಸೊಸೆ ಕಾಲಿಗೆ ಬಿದ್ದಿದ್ದಳಂತೆ, ಎಲ್ಲರೂ ತಬ್ಬಿಕೊಂಡು ಅತ್ತಿದ್ದರಂತೆ. ಬೀದಿಗೆ ಹಾಕಿದವನ ಕೈಯಿಂದಲೇ ಕೊನೆಗೆ ಬಿರಿಯಾನಿ ತಿನ್ನಿಸಿದ್ದಾರೆ, ಥೂ ಎಂದರು.

ಸಾಹೇಬರು ಗೋಡೆ ನೋಡುತ್ತಾ ನನಗೆ ಹೇಳತೊಡಗಿದರು. ಬರೆದದ್ದು: ಕಾದಂಬರಿಯನ್ನು ನಿಲ್ಲಿಸಿದ್ದೇನೆ, ಇನ್ನು ಮುಂದುವರಿಸುವುದಿಲ್ಲ, ಓದುಗರು ಕ್ಷಮಿಸಬೇಕು. ನಾನು ಪೆನ್ನು ಕೆಳಗಿಟ್ಟೆ.

“ಇದನ್ನ ನಾನು ಟೈಪ್ ಮಾಡಲ್ಲ ಸಾಹೇಬ್ರೇ. ಬೇರೆ ಅಂಗಡಿ ನೋಡ್ಕೊಳ್ಳಿ.”

ಮೆಹಬೂಬಕ್ಕ ನಮ್ಮಿಬ್ಬರನ್ನೂ ನೋಡಿ, ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಗಂಡನ ಕಡೆ ತಿರುಗಲಿಲ್ಲ, ನನಗೇ ಹೇಳಿದರು.

“ನಿಲ್ಲಿಸೋದು ಅಂದ್ರೇನು ವನಿತಾ? ಆ ಪುಟ್ಟತಾಯಮ್ಮ ಬಕ್ರೀದಿಂದ ಹೆಬ್ಬಾಳದಲ್ಲೇ ನಿಂತವಳೆ. ಕಂಕುಳಲ್ಲಿ ಅಷ್ಟು ಭಾರದ ಕೊಳಗ. ಮೊದ್ಲು ಅದನ್ನ ಕೆಳಗಿಡೋಕೆ ಹೇಳು ಇವ್ರಿಗೆ.”

ಸಾಹೇಬರು ಗೋಡೆಯಿಂದ ಕಣ್ಣು ಕಿತ್ತು ಹೆಂಡತಿಯನ್ನು ನೋಡಿದರು. ನೀನು ಕೇಳಿಸಿಕೊಳ್ಳುತ್ತಿದ್ದೆಯಾ ಎಂದು ದಖ್ಖನಿಯಲ್ಲಿ ಕೇಳಿದರು. ನಾನು ಇದೇ ಏರಿಯಾದಲ್ಲಿ ಹುಟ್ಟಿ ಬೆಳೆದವಳು, ನನಗೆ ಅಷ್ಟು ಅರ್ಥವಾಗುತ್ತದೆ. ಅಕ್ಕ ತಮ್ಮ ಎಡಗಿವಿ ಮುಟ್ಟಿ ತೋರಿಸಿ, ಈ ಕಿವಿ ಯಾವಾಗಲೂ ನಿಮಗೇ ಬಿಟ್ಟಿದ್ದೆನಲ್ಲ, ಬೇಜಾರಾದಾಗ ಮಾತ್ರ ಫೋನಿನ ಕಡೆ ಕಣ್ಣು ಎಂದರು. ಹಾಗಾದರೆ ಒಂದೇ ಪುಟ ಎರಡು ಸಲ ಓದಿದರೂ ಸುಮ್ಮನಿದ್ದೆ ಯಾಕೆ ಎಂದರು ಸಾಹೇಬರು. ಅಕ್ಕ ಬೆಳ್ಳುಳ್ಳಿ ಸಿಪ್ಪೆಗಳನ್ನು ಒಟ್ಟು ಮಾಡಿದರು. ಆಮೇಲೆ ಮತ್ತೆ ನನಗೇ ಹೇಳಿದರು.

“ಇವ್ರಿಗೆ ಮರೆವು ಶುರುವಾಯ್ತು ಅಂದ್ಕೊಂಡೆ ವನಿತಾ. ಹೇಳಿದ್ರೆ ನೊಂದ್ಕೋತಾರೆ ಅಂತ ಸುಮ್ನಾದೆ. ಆಮೇಲೆ ಓದೋದೇ ನಿಲ್ಲಿಸಿದ್ರು. ಪೂರ್ತಿ ಮರೆತೇ ಹೋದ್ರು ಅಂತ ಹೆದರಿ, ವಾಸಿಯಾಗ್ಲಿ ಅಂತ ನಾನು ದಿನಾ ದುವಾ ಮಾಡ್ತಿದ್ದೆ.”

 ಸಾಹೇಬರು ಎದ್ದು ಹೋಗಿ ಬೀರು ತೆಗೆದು ಹಾಳೆ ಹೊರಗೆ ತಂದರು. ಊದಿದ ಬೆರಳಿನ ಮಧ್ಯೆ ಪೆನ್ನು ಸಿಕ್ಕಿಸಿಕೊಂಡು ಕೂತರು. ನಾನು ಕೆಳಗೆ ಬಂದು ಶಟರ್ ಅರ್ಧ ಎಳೆದು, ಒಬ್ಬಳೇ ಕೂತು ಅತ್ತೆ. ಯಾಕೆ ಮುಚ್ಚಿಡಬೇಕು, ಅತ್ತೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಮೇಲಿನಿಂದ ಅವರ ಓದು ಕೇಳಿಸಿತು. ಪುಟ್ಟತಾಯಮ್ಮ ಕೊಳಗ ಕೆಳಗಿಟ್ಟು, ಪಕ್ಕದಲ್ಲಿ ನಿಂತವನಿಗೆ ತನ್ನ ಜೀವನದ ಕಥೆಯನ್ನೆಲ್ಲ ಹೇಳಲು ಶುರು ಮಾಡಿದ್ದಳು. ಉದ್ದದ ಭಾಷಣ. ನನಗೇ ಆಕಳಿಕೆ ಬಂತು. ನಡುವೆ ಮೆಹಬೂಬಕ್ಕನ ದನಿ, ಒಲೆ ನೋಡಿಕೊಂಡು ಬರುತ್ತೇನೆ ಎಂದು. ಆಮೇಲೆ ಚಪ್ಪಲಿಯ ಸದ್ದು. ಸ್ವಲ್ಪ ಹೊತ್ತಿಗೆ ಸಾಹೇಬರು ಮೆಟ್ಟಿಲನ್ನು ಹುಡುಗನಂತೆ ಇಳಿದು ಬಂದು, ಸ್ಟೂಲಿನ ಮೇಲೆ ಕೂತು, ತಿಂಗಳ ಸಮಾಚಾರ ಬದಲಾಯಿಸಬೇಕು, ಟೈಪ್ ಮಾಡಿ ಎಂದರು. ಮಾಡಿದೆ. ಗುಂಪಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಕೈಮುಗಿದರು.

‘ಬರೆದದ್ದು: ಒಂದು ಪುಟ. ಅದನ್ನು ಹೊಡೆದುಹಾಕಿದ್ದೇನೆ. ಕೆಲಸ ಚೆನ್ನಾಗಿ ನಡೆಯುತ್ತಿದೆ.’