ಭಾಯಿ ಕೊಟ್ಟ ಬೆರಳು

ಕಳೆದ ವಾರ ಚಳ್ಳಕೆರೆಗೆ ಹೋಗಿ ಮೊಳಕಾಲ್ಮುರಿಗೆ ವಾಪಸ್ ಬರುವಾಗ ತಳಕಿನ ಹತ್ತಿರ ಗಾಡಿ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬು ಹೊರಗೆಳೆದು, ಉಜ್ಜಿ, ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭಾಯಿ ನೆನಪಾದರು...

ಚಳ್ಳಕೆರೆಯಲ್ಲಿ ಭಾಯಿಯದು ಒಂದೇ ಬಾಗಿಲಿನ ಎರಡು ಅಂಗಡಿ. ಮುಂದೆ ಅವರ ತಂದೆಯ ಕಾಲದ ಪಂಕ್ಚರ್ ಅಂಗಡಿ. ಹಿಂದೆ ಪರದೆ ಸರಿಸಿದರೆ ಸಾಲಾಗಿ ಕಂಪ್ಯೂಟರುಗಳು. ಅಲ್ಲಿ ಹುಡುಗರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆನ್‌ಲೈನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದರು. ಭಾಯಿ ಟ್ಯೂಬಿಗೆ ಪ್ಯಾಚ್ ಹಾಕಿದ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಒಳಗೆ ಬಂದು, ಹ್ಯಾಂಗ್ ಆಗಿ ನಿಂತ ಕಂಪ್ಯೂಟರನ್ನು ಸರಿ ಮಾಡಿ ಹೋಗುತ್ತಿದ್ದರು. ಹಾಗಾಗಿ ಅಲ್ಲಿನ ಕೀಬೋರ್ಡುಗಳಿಗೂ ಸಲ್ಯೂಷನ್ ವಾಸನೆ.

ನಾನು ಆಗ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಒಂದು ದಿನ ಬೆಲ್ಟಿಗೆ ಎಡಗೈ ಸಿಕ್ಕಿತು. ಕೈ ಉಳಿಯಿತು, ತೋರುಬೆರಳು ಮಾತ್ರ ಕಡ್ಡಿಯಂತಾಯಿತು. ಕಷ್ಟಪಟ್ಟು ಬಗ್ಗುತ್ತಿತ್ತು, ಬಗ್ಗಿದರೆ ಬೇಗ ಏಳುತ್ತಿರಲಿಲ್ಲ. ಡಾಕ್ಟರು ಬೆರಳನ್ನು ಆಡಿಸುತ್ತಿರು ಅಂದಿದ್ದರು. ಆಡಿಸಿದರೆ ನೋವು, ಯಾರಾದರೂ ನೋಡಿದರೆ ನಾಚಿಕೆ. ನಾನು ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ. ಕೆಲಸಕ್ಕೆ ಹೋಗುವುದು ನಿಂತಿತ್ತು. ಭಾಯಿಯ ಅಂಗಡಿಯಲ್ಲಿ ಕೂತು ಬೇರೆಯವರ ಆಟ ನೋಡುವುದೇ ದಿನದ ಕೆಲಸವಾಗಿತ್ತು.

ಅದನ್ನು ಭಾಯಿ ಕೆಲವು ದಿನ ನೋಡಿದರು. ಒಂದು ಮಧ್ಯಾಹ್ನ ಹಳೇ ಟ್ಯೂಬೊಂದನ್ನು ತಂದು ನನ್ನ ಮುಂದೆ ಹಿಗ್ಗಿಸಿದರು. ರಬ್ಬರು ಬಿರುಕು ಬಿಟ್ಟಿತ್ತು.

“ಇದು ರೋಡಲ್ಲಿ ಓಡಿ ಹಾಳಾಗಿದ್ದಲ್ಲ ತಮ್ಮಾ. ಮೊಳೆಗೆ ನೇತು ಹಾಕಿದ್ನಲ್ಲ, ಅಲ್ಲೇ ಹಿಂಗಾತು. ಕೈ ಹೊರಗೆ ತೆಗಿ.”

ಕೈ ತೆಗೆದೆ. ಅವರು ಅಯ್ಯೋ ಅನ್ನಲಿಲ್ಲ. ಚಕ್ರ ನೋಡುವ ಹಾಗೆ ತಿರುಗಿಸಿ ನೋಡಿ, ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು.

ಓಡಾಡುವುದು, ಗುರಿ ಇಡುವುದು ನನಗೆ ಬೇಗ ಬಂತು. ತೊಂದರೆ ಬಂದದ್ದು ಬಂದೂಕಿಗೆ ಗುಂಡು ತುಂಬಿ ತಟ್ಟನೆ ಕುಕ್ಕರಿಸುವಾಗ. ಆರ್ ಒತ್ತಿದರೆ ಗುಂಡು ತುಂಬುತ್ತದೆ. ಸಿ ಒಮ್ಮೆ ಒತ್ತಿದರೆ ಆಟದ ಸೈನಿಕ ಕೂರುತ್ತಾನೆ, ಇನ್ನೊಮ್ಮೆ ಒತ್ತಿದರೆ ಏಳುತ್ತಾನೆ. ಎರಡೂ ತೋರುಬೆರಳಿನ ಕೆಲಸ. ಅದಕ್ಕೆ ಭಾಯಿ, ಬದಿಯಲ್ಲಿ ಮುಂದೊಂದು ಹಿಂದೊಂದು ಬಟನ್ ಇರುವ ಮೌಸ್ ತಂದರು. ಒಂದು ಬಟನ್ ಒತ್ತಿದರೆ ಹಲವು ಕೀಗಳ ಕೆಲಸ ಸಾಲಾಗಿ ಆಗುವಂತೆ ಅದಕ್ಕೆ ಕಲಿಸಬಹುದು. ಮ್ಯಾಕ್ರೋ ಅನ್ನುತ್ತಾರೆ. ನಾವು ಕೀ ಒತ್ತಿ ತೋರಿಸಿದರೆ ಸಾಕು, ಮೌಸು ಅದನ್ನು ತನ್ನೊಳಗೇ ನೆನಪಿಟ್ಟುಕೊಳ್ಳುತ್ತದೆ. ಬಟನ್ನು ಜಾರದಿರಲಿ ಅಂತ ಭಾಯಿ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಿಕೊಟ್ಟರು. ಮುಂದಿನ ಬಟನ್ನಿಗೆ ಮ್ಯಾಕ್ರೋ ನಾನೇ ತುಂಬಿದೆ.

ಆ ಹೊತ್ತಿಗೆ ಚಿತ್ರದುರ್ಗದ ಒಂದು ಗೇಮಿಂಗ್ ಸೆಂಟರಿನವರ ಜೊತೆ ಪಂದ್ಯ ನಿಗದಿಯಾಗಿತ್ತು. ಭಾಯಿ ಅಂಗಡಿಯ ಹುಡುಗರ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಆ ಜಾಗ ನನಗೆ ಬೇಕಿತ್ತು. ಕೈಗೆ ಪೆಟ್ಟಾದ ಮೇಲೆ ಇಂಥದ್ದು ಬೇಕು ಅಂತ ನನಗೆ ಅನ್ನಿಸಿದ್ದು ಅದೇ ಮೊದಲು.

ಆದರೆ ಮೌಸು ಕೈಕೊಟ್ಟಿತು. ಬಟನ್ ಒತ್ತಿದರೆ ನನ್ನ ಸೈನಿಕ ಗುಂಡು ತುಂಬಿ ಕುಕ್ಕರಿಸುತ್ತಿದ್ದ, ಮತ್ತೆ ಏಳುತ್ತಲೇ ಇರಲಿಲ್ಲ. ಸುತ್ತ ಗುಂಡು ಹಾರುತ್ತಿದ್ದರೂ ಬಯಲಿನಲ್ಲಿ ಕೂತೇ ಇರುತ್ತಿದ್ದ. ತಂಡದವರು ಬಿಡುತ್ತಾರೆಯೇ?

“ಲೇ, ಚೊಂಬು ಕಳಿಸ್ಲೇನಲೇ?” ಅಂತ ಒಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ಮಾತ್ರ ತಾನಾಗಿಯೇ ಜೇಬಿಗೆ ಹೋಯಿತು.

ಭಾಯಿ ಮೌಸನ್ನು ಬೇರೆ ಕಿಂಡಿಗೆ ಸಿಕ್ಕಿಸಿ ನೋಡಿದರು. ಬಿಚ್ಚಿ ಧೂಳು ಊದಿದರು. ಕೀಬೋರ್ಡ್ ಬದಲಾಯಿಸಿದರು. ಆಟವನ್ನೇ ತೆಗೆದು ಮತ್ತೆ ಹಾಕಿದರು. ಏನೂ ಪ್ರಯೋಜನವಾಗಲಿಲ್ಲ. ತಂಡದ ಒಬ್ಬ, ಇದೆಲ್ಲ ಯಾಕೆ, ಬಂದೂಕು ಅಲುಗದಂತೆ ತಾನೇ ಗುರಿ ಹಿಡಿಯುವ ಮ್ಯಾಕ್ರೋ ನೆಟ್‌ನಲ್ಲಿ ಸಿಗುತ್ತೆ, ಅದನ್ನು ಹಾಕಿಬಿಡಿ, ಇವನು ಕೂತಲ್ಲೇ ಗೆಲ್ಲಲಿ ಅಂದ.

ಭಾಯಿ ನನ್ನ ಕಡೆ ತಿರುಗಿದರು. “ಗುರಿ ನಿಂದೇ ಇರ್ಬೇಕು. ಬೆರಳು ಬೇಕಾದ್ರೆ ನಾನು ಕೊಡ್ತೀನಿ.”

ಆಮೇಲೆ ಚಿತ್ರದುರ್ಗದವರಿಗೆ ಫೋನ್ ಮಾಡಿ ನನ್ನ ಕೈಯ ವಿಷಯ ತಿಳಿಸಿ, ಗುಂಡು ತುಂಬಿ ಕೂರುವುದಕ್ಕೆ ಮಾತ್ರ ಒಂದು ಬಟನ್ ಇಟ್ಟುಕೊಳ್ಳಬಹುದಾ ಅಂತ ಕೇಳಿದರು. ಅವರು ಒಪ್ಪಿದರು.

ಫೋನ್ ಇಟ್ಟು ಭಾಯಿ ಸ್ವಲ್ಪ ಹೊತ್ತು ಮುಂದಿನ ಅಂಗಡಿಯ ಕಡೆ ನೋಡುತ್ತಾ ನಿಂತರು. ಅಲ್ಲಿ ಟ್ಯೂಬು ಮುಳುಗಿಸುವ ನೀರಿನ ಬಾಣಲೆ ಇತ್ತು. ತೂತು ಎಲ್ಲಿದೆ ಅಂತ ಟೈರು ನೋಡಿ ಯಾರೂ ಊಹಿಸುವುದಿಲ್ಲ. ಗಾಳಿ ತುಂಬಿ ನೀರಿಗೆ ಅದ್ದುತ್ತಾರೆ, ಗುಳ್ಳೆ ಎದ್ದ ಕಡೆ ಬೆರಳಿಡುತ್ತಾರೆ. ಭಾಯಿ ಒಳಗೆ ಬಂದು ಆಟ ಮುಚ್ಚಿ, ಬರೆಯಲು ಬಳಸುವ ಖಾಲಿ ನೋಟ್‌ಪ್ಯಾಡ್ ತೆರೆದರು. “ಇದೇ ನಮ್ ಬಾಣಲೆ. ಒತ್ತು.”

ಒತ್ತಿದೆ. ಪರದೆಯ ಮೇಲೆ ಒಂದು ಆರ್ ಬಿತ್ತು. ಅದರ ಹಿಂದೆ ಸಿ... ಸಿ, ಸಿ, ಸಿ ಅಂತ ಗುಳ್ಳೆಗಳ ಹಾಗೆ ಸಾಲು ತುಂಬುತ್ತಾ ಹೋಯಿತು. ನಿಲ್ಲಲೇ ಇಲ್ಲ.

ಭಾಯಿ ಮ್ಯಾಕ್ರೋ ತೆರೆದು ನೋಡಿದರು. ಒತ್ತಿದ್ದಕ್ಕೆ ಕೆಳಮುಖದ ಬಾಣ, ಬಿಟ್ಟಿದ್ದಕ್ಕೆ ಮೇಲ್ಮುಖದ ಬಾಣ. ಆರ್ ಪಕ್ಕ ಎರಡೂ ಇದ್ದವು. ಸಿ ಪಕ್ಕ ಕೆಳಮುಖದ್ದೊಂದೇ. ಮ್ಯಾಕ್ರೋ ತುಂಬುವಾಗ ನನ್ನ ಬೆರಳು ಸಿ ಮೇಲಿಂದ ಏಳುವ ಮೊದಲೇ ನಾನು ಬಲಗೈಯಿಂದ ಮೌಸು ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ್ದೆ. ಹಾಗಾಗಿ ಮೌಸಿನ ಲೆಕ್ಕದಲ್ಲಿ ಸಿ ಒತ್ತಿಕೊಂಡೇ ಇತ್ತು. ಒತ್ತಿಕೊಂಡೇ ಇರುವ ಕೀಯನ್ನು ಅದು ಮತ್ತೆ ಒತ್ತಿದರೂ ಆಟಕ್ಕೆ ತಿಳಿಯುವುದಿಲ್ಲ. ಸೈನಿಕ ಏಳುವುದಾದರೂ ಹೇಗೆ?

“ಒತ್ತಿದ್ದು ಐತೆ, ಬಿಟ್ಟಿದ್ದು ಇಲ್ಲ ನೋಡು,” ಅಂದರು ಭಾಯಿ.

ನಾನು ಮತ್ತೆ ತುಂಬಲು ನೋಡಿದೆ. ಬೆರಳು ಏಳುವವರೆಗೆ ಕಾದೆ. ಈ ಸಲ ಸರಿಯಾಯಿತು, ಆದರೆ ನನ್ನ ಬೆರಳಿನ ನಿಧಾನವೂ ಜೊತೆಗೇ ಸೇರಿತ್ತು. ಅಷ್ಟರಲ್ಲಿ ಆಟದಲ್ಲಿ ಸಾಯಬಹುದಿತ್ತು. ಭಾಯಿ ಪಕ್ಕದ ಸ್ಟೂಲಿನಲ್ಲಿ ಕೂತು, ಸಲ್ಯೂಷನ್ ಒಣಗಿ ಸಿಪ್ಪೆ ಏಳುತ್ತಿದ್ದ ತಮ್ಮ ಬೆರಳಿನಿಂದ ಆರ್ ಒತ್ತಿ ಬಿಟ್ಟರು, ಸಿ ಒತ್ತಿ ಬಿಟ್ಟರು. ನಡುವೆ ಒಂದಿಷ್ಟೇ ಬಿಡುವು.

“ಇದು ನನ್ ಬೆರಳು. ಸದ್ಯಕ್ಕೆ ಇಟ್ಕ. ನಿಂದು ಸರಿಯಾದ್ಮೇಲೆ ವಾಪಸ್ ಕೊಡುವಂತೆ.”

ಪಂದ್ಯದಲ್ಲಿ ನಾವು ಸೋತೆವು. ಆದರೆ ಕೊನೆಯವರೆಗೆ ಉಳಿದವನು ನಾನು. ಒಂದು ಗೋಡೆಯ ಮರೆಯಲ್ಲಿ ಗುಂಡು ತುಂಬಿ ಕೂತೆ, ಬಟನ್ ಒತ್ತಿದೆ, ಎದ್ದೆ. ಚೊಂಬು ಕಳಿಸುತ್ತೇನೆ ಅಂದಿದ್ದವನೇ ನನ್ನ ಹಿಂದೆ ನಿಂತು “ಎದ್ದ ಕಣ್ಲೇ, ಎದ್ದ” ಅನ್ನುತ್ತಿದ್ದ. ಅವತ್ತು ಮನೆಗೆ ನಡೆದು ಹೋಗುವಾಗ ಎರಡೂ ಕೈ ಹೊರಗಿದ್ದವು.

ಆಮೇಲೆ ದಿನಾ ಬೆರಳು ಆಡಿಸಿದೆ. ಟೈಪಿಂಗ್ ಕಲಿತೆ. ಮೊಳಕಾಲ್ಮುರಿಗೆ ಬಂದು ಜೆರಾಕ್ಸ್ ಅಂಗಡಿ ಇಟ್ಟೆ, ಮದುವೆಯಾದೆ. ಚಳ್ಳಕೆರೆಗೆ ಹೋಗುವುದು ಕಡಿಮೆಯಾಯಿತು. ಭಾಯಿ ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ಮಣ್ಣೂ ಆಗಿತ್ತು. ನಿದ್ದೆಯಲ್ಲೇ ಹೋದರಂತೆ... ಈಗ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಇದೆ.

ತಳಕಿನಿಂದ ಮನೆಗೆ ಬಂದವನೇ ಅಟ್ಟದ ಮೇಲಿನ ಡಬ್ಬದಿಂದ, ಭಾಯಿ ನನಗೇ ಕೊಟ್ಟಿದ್ದ ಆ ಮೌಸು ತೆಗೆದೆ. ಟ್ಯೂಬಿನ ತುಂಡು ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮನೆಯ ಮುಂಭಾಗದಲ್ಲೇ ಇರುವ ನಮ್ಮ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ, ನೋಟ್‌ಪ್ಯಾಡ್ ತೆರೆದು, ಮುಂದಿನ ಬಟನ್ ಒತ್ತಿದೆ.

ಆರ್. ಒಂದಿಷ್ಟೇ ಬಿಡುವು. ಸಿ.

ಭಾಯಿಯ ಒಂದು ಫೋಟೋ ಸಹ ನನ್ನ ಹತ್ತಿರ ಇಲ್ಲ. ಅವರ ಕೈಯ ಲಯ ಮಾತ್ರ ಹಾಗೇ ಉಳಿದಿತ್ತು. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಹೆಂಡತಿ ಚಹಾ ತಂದವಳು ಪರದೆ ನೋಡಿ, ಇದೇನ್ರೀ ಎರಡೇ ಅಕ್ಷರ ಬರೀತಾ ಕೂತಿದ್ದೀರಿ ಅಂದಳು. ಭಾಯಿಯದು ಅಂದೆ. ಅವಳಿಗೆ ಕಥೆ ಗೊತ್ತು. ಲೋಟ ಇಟ್ಟು ಪಕ್ಕದಲ್ಲೇ ಕೂತಳು.

ಹಿಂದಿನ ಬಟನ್ ಇಷ್ಟು ವರ್ಷ ಖಾಲಿಯೇ ಇತ್ತು. ಅದಕ್ಕೆ ಮ್ಯಾಕ್ರೋ ತುಂಬಲು ಕೂತೆ. ಎಡಗೈ ತೋರುಬೆರಳಿನಿಂದ ಆರ್ ಒತ್ತಿ ಬಿಟ್ಟೆ. ಸಿ ಒತ್ತಿದೆ. ಬೆರಳು ಎದ್ದಿತು. ಆಮೇಲೆ ನಿಲ್ಲಿಸಿದೆ. ತೆರೆದು ನೋಡಿದರೆ ಬಾಣಗಳೆಲ್ಲ ಜೊತೆ ಜೊತೆಯಾಗಿದ್ದವು.

ನನ್ನ ಬೆರಳು ಸರಿಯಾಗಿದೆ ಭಾಯಿ. ನಿಮ್ಮದನ್ನು ವಾಪಸ್ ಕೊಡಲು ನೀವಿಲ್ಲ. ಮುಂದಿನ ಬಟನ್ನಿನಲ್ಲಿ ಅದು ಹಾಗೇ ಇರಲಿ. ಮೌಸನ್ನು ಮತ್ತೆ ಡಬ್ಬಕ್ಕೆ ಹಾಕುವುದಿಲ್ಲ, ರಬ್ಬರು ಇನ್ನಷ್ಟು ಒಣಗುತ್ತದೆ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಆಡಲು ಕೂರುತ್ತೇನೆ.