ಸೊಂಟಕ್ಕೇ ಸಿಕ್ಕಿಸಿದ ಹುಕ್ಕು

ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಚಾವಣಿಯ ಶೀಟು ಹೊದಿಸುವ ತಂಡಕ್ಕೆ ನಾನು ಮೇಸ್ತ್ರಿಯಾಗಿದ್ದೆ. ತಂಡದಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು ನಗರಗೆರೆ ಕಡೆಯವರು, ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಶೀಟಿನ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ನನಗೆ ಕಲಿಸಿದವರೇ ಅವರು. ಅಂಥವರಿಗೆ ಮೇಸ್ತ್ರಿಯಾಗಿ ಅಪ್ಪಣೆ ಕೊಡುವುದೆಂದರೆ ನನಗೆ ಮೊದಲಿನಿಂದಲೂ ಮುಜುಗರ.

ಮೇಲಿನ ಕಬ್ಬಿಣದ ತೊಲೆಗೆ ಉದ್ದಕ್ಕೂ ಹಳದಿ ಬಣ್ಣದ ರಿಂಗುಗಳನ್ನು ಬಿಗಿದಿದ್ದರು. ಕಾಗದದಲ್ಲಿ ಅದರ ಹೆಸರು ಆಂಕರ್, ನಮ್ಮವರ ಬಾಯಲ್ಲಿ ರಿಂಗು. ಮೈಗೆ ಬೆಲ್ಟು ತೊಟ್ಟು, ಅದರ ಹಗ್ಗದ ತುದಿಯ ಹುಕ್ಕನ್ನು ರಿಂಗಿಗೆ ಸಿಕ್ಕಿಸಿದರೆ, ಕಾಲು ಜಾರಿದವನು ಹಗ್ಗದಲ್ಲಿ ನೇತಾಡುತ್ತಾನೆ, ನೆಲ ಸೇರುವುದಿಲ್ಲ. ಆದರೆ ನಾಲ್ಕು ಹೆಜ್ಜೆಗೊಮ್ಮೆ ಬಿಚ್ಚಬೇಕು, ಮುಂದಿನ ರಿಂಗಿಗೆ ಹಾಕಬೇಕು. ದೊಡ್ಡ ರಗಳೆ. ಹಾಗಾಗಿ ಅಣ್ಣ ಹುಕ್ಕನ್ನು ತಮ್ಮ ಸೊಂಟದ ಬೆಲ್ಟಿಗೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ನಾನು ದಿನಾ ಕೆಳಗಿನಿಂದ ಕೂಗುತ್ತಿದ್ದೆ. “ಅಣ್ಣಾ, ಬೆಲ್ಟ್ ಹಾಕಿದೀರಾ?”

“ಹಾಕಿದೀನಪ್ಪ.”

ಅವರು ಹೇಳಿದ್ದು ನಿಜವೇ. ನಾನಂತೂ ಹುಕ್ಕಿನ ಮಾತೇ ಎತ್ತುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಬೆಲ್ಟಿನ ಮುಂದೆ ಟಿಕ್ ಹಾಕಿ ಟೀ ಕುಡಿಯಲು ಹೋಗುತ್ತಿದ್ದೆ. ದೊಡ್ಡ ಮೇಸ್ತ್ರಿ ನಾನು.

ಒಂದು ಬೆಳಗ್ಗೆ, ಬೆಳಕು ಬರಲೆಂದು ನಡುನಡುವೆ ಹಾಕುವ ಪ್ಲಾಸ್ಟಿಕ್ ಶೀಟಿನ ಮೇಲೆ ಅವರ ಕಾಲು ಬಿತ್ತು. ಶೀಟು ಒಡೆಯಿತು. ಬೆಲ್ಟು ತೊಟ್ಟುಕೊಂಡೇ ಅವರು ಸಿಮೆಂಟು ನೆಲಕ್ಕೆ ಬಿದ್ದರು. ಜೀವ ಉಳಿಯಿತು, ಬೆನ್ನುಮೂಳೆ ಮುರಿಯಿತು. ಇನ್ನು ನಡೆಯುವುದು ಅನುಮಾನ ಎಂದರು ಡಾಕ್ಟರು.

ಅವರ ಮನೆಗೆ ಹೋಗಲು ನನಗೆ ಒಂದು ತಿಂಗಳು ಧೈರ್ಯ ಬರಲಿಲ್ಲ. ಹೋದಾಗ ಅವರ ಹೆಂಡತಿ ಮಂಚದ ಪಕ್ಕ ಕುರ್ಚಿ ಎಳೆದು ಹಾಕಿದರು. ಅಣ್ಣ ನನ್ನ ಕೈ ಹಿಡಿದುಕೊಂಡರು.

“ನಿಂಗೆ ಕೆಟ್ಟ ಹೆಸರು ತಂದ್ಬಿಟ್ಟೆ ಕಣಪ್ಪ,” ಎಂದರು.

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನಾಚಿಕೆಯಾಗಿ ಅತ್ತದ್ದು ಅದು, ಮರುಕದಿಂದಲ್ಲ.

“ಹುಕ್ ಸೊಂಟದಲ್ಲೇ ಇರೋದು ನಂಗೆ ದಿನಾ ಕಾಣ್ತಿತ್ತು ಅಣ್ಣ,” ಎಂದೆ. “ಕಲಿಸ್ಕೊಟ್ಟೋರು ನೀವು. ನಿಮ್ಗೆ ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ.”

ಅವರು ಹಿಡಿದ ನನ್ನ ಕೈಯನ್ನು ಬಿಡಲಿಲ್ಲ.

“ನೀನು ನೋಡ್ತಿದ್ದೆ ಅಂತ ನಂಗೂ ಗೊತ್ತಿತ್ತಪ್ಪ. ನೀನೇ ಸುಮ್ನಿದೀಯಲ್ಲ, ಏನೂ ಆಗಲ್ಲ ಅಂದ್ಕೊಂಡಿದ್ದೆ.”